ವಕೀಲರ ಫೀಸಿನ ತಕರಾರು: ಕಾಸರಗೋಡಿನವರಿಗೆ ಇರುವ ದಾರಿಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ

ಫೀಸು ಕೊಟ್ಟಾಗಿದೆ. ವಾಯಿದೆಯ ಮೇಲೆ ವಾಯಿದೆ ಬೀಳುತ್ತಿದೆ. ಫೋನು ಮಾಡಿದರೆ ಗುಮಾಸ್ತರು ‘ಸರ್ ಕೋರ್ಟಲ್ಲಿದ್ದಾರೆ’ ಎನ್ನುತ್ತಾರೆ. ಒಂದು ದಿನ ಕೇಸುಗಳ ಸ್ಥಿತಿ ತೋರಿಸುವ ಇ-ಕೋರ್ಟ್ಸ್ ಆ್ಯಪ್ ತೆರೆದು ನೋಡಿದರೆ ದಾವೆ ಎರಡು ತಿಂಗಳ ಹಿಂದೆಯೇ ವಜಾ ಆಗಿರುತ್ತದೆ. ಮಂಜೇಶ್ವರದಿಂದ ಹೊಸದುರ್ಗದವರೆಗೆ ಈ ದೂರು ಹಳೆಯದು. ಆದರೆ ಅದನ್ನು ಎಲ್ಲಿಗೆ ಒಯ್ಯಬೇಕು ಎಂಬ ಲೆಕ್ಕ 2024ರ ನಂತರ ಬದಲಾಗಿದೆ, ಹಳೆಯ ಸಲಹೆಯನ್ನೇ ನಂಬಿ ಹೊರಟವರು ಬರಿಗೈಯಲ್ಲಿ ವಾಪಸಾಗುತ್ತಿದ್ದಾರೆ. ಹಾಗಾಗಿ ಕಕ್ಷಿದಾರರ ಮುಂದಿರುವ ದಾರಿಗಳನ್ನೇ ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದ್ದೇವೆ.

ಹಣ ವಾಪಸು ಬೇಕೆ, ಫೈಲು ಬೇಕೆ, ವಕೀಲರ ಮೇಲೆ ಶಿಸ್ತುಕ್ರಮ ಆಗಬೇಕೆ ಎಂದು ಮೊದಲು ತೀರ್ಮಾನ ಮಾಡಿ. ಮೂರಕ್ಕೂ ದಾರಿ ಬೇರೆ ಬೇರೆ. ಕ್ರಮ ಹೀಗಿರಲಿ: ಮೊದಲು ಕಟ್ಲೆ (ಕೋರ್ಟಿನ ಕೇಸು) ಉಳಿಸಿಕೊಳ್ಳುವುದು, ಆಮೇಲೆ ಫೈಲು, ಆಮೇಲೆ ಲೆಕ್ಕ, ಕೊನೆಗೆ ದೂರು. ಸಿಟ್ಟಿನಲ್ಲಿದ್ದಾಗ ಎಲ್ಲರೂ ದೂರಿನಿಂದಲೇ ಶುರು ಮಾಡುತ್ತಾರೆ. ಅಷ್ಟರಲ್ಲಿ ಮೂಲ ಕಟ್ಲೆಯ ಅವಧಿ ಮುಗಿದಿರುತ್ತದೆ.

ಕಟ್ಲೆ ಮೊದಲು

ಗೈರುಹಾಜರಿಯ ಕಾರಣಕ್ಕೆ ದಾವೆ ವಜಾ ಆಗಿದ್ದರೆ, ಪುನಃ ಫೈಲಿಗೆ ತರಿಸುವ ಅರ್ಜಿಗೆ ವಜಾ ಆದ ದಿನದಿಂದ 30 ದಿನ ಇದೆ. ನಿಮ್ಮ ಮೇಲೆ ಎಕ್ಸ್‌ಪಾರ್ಟೆ ಡಿಕ್ರಿ (ನಿಮ್ಮ ಗೈರುಹಾಜರಿಯಲ್ಲಿ ಕೊಟ್ಟ ತೀರ್ಪು) ಆಗಿದ್ದರೂ ಅದನ್ನು ರದ್ದುಮಾಡಿಸಲು 30 ದಿನವೇ. ಸಮನ್ಸು ಸರಿಯಾಗಿ ಜಾರಿಯಾಗಿಲ್ಲದಿದ್ದರೆ ಆ 30 ದಿನ ಡಿಕ್ರಿಯ ವಿಷಯ ತಿಳಿದಂದಿನಿಂದ ಶುರುವಾಗುತ್ತದೆ. ಜಿಲ್ಲೆಯ ಕೋರ್ಟಿಗೆ ಹೋಗುವ ಅಪೀಲಿಗೆ 30 ದಿನ, ಹೈಕೋರ್ಟಿನ ಅಪೀಲಿಗೆ 90 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಆ ಅವಧಿಯ ಲೆಕ್ಕದಿಂದ ಬಿಡುತ್ತಾರೆ, ಹಾಗಾಗಿ ನಕಲಿನ ಅರ್ಜಿಯನ್ನು ಅದೇ ವಾರ ಹಾಕಬೇಕು. ಅವಧಿ ದಾಟಿದ್ದರೆ ವಿಳಂಬ ಮನ್ನಾ ಅರ್ಜಿ ಜೊತೆಗಿರಬೇಕು. ವಕೀಲರ ತಪ್ಪಿಗೆ ಕಕ್ಷಿದಾರ ಬಲಿಯಾಗಬಾರದು ಎಂದು ಸುಪ್ರೀಂ ಕೋರ್ಟು 1981ರಲ್ಲಿ ರಫೀಕ್ ಪ್ರಕರಣದಲ್ಲಿ ಹೇಳಿದೆ. ಅದು ಆಸರೆಯೇ ಹೌದು. ಆದರೆ ಎರಡು ವರ್ಷ ಒಮ್ಮೆಯೂ ವಿಚಾರಿಸದೆ ಕುಳಿತವರಿಗೆ ಆ ಮಾತಿನಿಂದ ಹೆಚ್ಚು ಪ್ರಯೋಜನವಿಲ್ಲ.

ಫೈಲು ಬಿಡಿಸಿಕೊಳ್ಳುವುದು

‘ಬಾಕಿ ಫೀಸು ಕೊಟ್ಟು ಫೈಲು ತೆಗೆದುಕೊಂಡು ಹೋಗಿ’ ಎಂಬ ಮಾತಿಗೆ ಕಾನೂನಿನ ಬೆಂಬಲ ಇಲ್ಲ. ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲೇ ಇದನ್ನು ಇತ್ಯರ್ಥ ಮಾಡಿದೆ: ಬಾಕಿ ಫೀಸಿಗಾಗಿ ಕಕ್ಷಿದಾರರ ಕಾಗದಪತ್ರ ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಕೇಳಿದಾಗ ಕೊಡದಿದ್ದರೆ ಅದು ವೃತ್ತಿ ದುರ್ನಡತೆ. ಫೀಸು ನಿಜವಾಗಿ ಬಾಕಿಯಿದ್ದರೆ ಅವರು ದಾವೆ ಹೂಡಿ ವಸೂಲು ಮಾಡಬಹುದು, ಫೈಲು ಹಿಡಿದಿಡುವಂತಿಲ್ಲ.

ಬೇರೆ ವಕೀಲರಿಗೆ ವಕಾಲತ್ತು ಕೊಡುವಾಗ ಹಳೆಯ ವಕೀಲರ ‘ಆಕ್ಷೇಪವಿಲ್ಲ’ ಎಂಬ ಸಹಿ ಕೇಳುವುದು ರೂಢಿ. ಅವರು ಸಹಿ ಹಾಕದಿದ್ದರೆ ದಾರಿ ಮುಚ್ಚಿತು ಎಂದು ತಿಳಿಯಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 4ನೇ ನಿಯಮದಂತೆ ಕೋರ್ಟಿನ ಅನುಮತಿ ಪಡೆದು ವಕಾಲತ್ತು ರದ್ದು ಮಾಡಬಹುದು. ಒಂದು ಅರ್ಜಿ, ಒಂದು ಅಫಿಡವಿಟ್ಟು. ಫೀಸಿನ ಜಗಳ ಏನೇ ಇರಲಿ, ಇನ್ನೊಬ್ಬ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ನಿಮ್ಮದೇ.

ಇಲ್ಲೊಂದು ಎಚ್ಚರಿಕೆ. ಅಸಲು ಆಧಾರ ಕಾಣುತ್ತಿಲ್ಲ ಎಂದು ವಕೀಲರ ಮೇಲೆ ಆರೋಪ ಹೊರಿಸುವ ಮೊದಲು ಅದು ಕೋರ್ಟಿನಲ್ಲಿ ಎಕ್ಸಿಬಿಟ್ (ಸಾಕ್ಷ್ಯದ ದಾಖಲೆ) ಆಗಿ ಗುರುತಾಗಿದೆಯೇ ನೋಡಿ. ಎ1, ಎ2 ಎಂದು ಗುರುತಾದ ಮೇಲೆ ದಾಖಲೆ ಇರುವುದು ಕೋರ್ಟಿನ ವಶದಲ್ಲಿ. ಅದನ್ನು ಮರಳಿ ಪಡೆಯಲು ಕೋರ್ಟಿಗೇ ಅರ್ಜಿ ಹಾಕಬೇಕು. ಈ ಗಡಿನಾಡಿನಲ್ಲಿ ಇದಕ್ಕೆ ಹೆಚ್ಚಿನ ತೂಕವಿದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾರಣ ಅಜ್ಜನ ಕಾಲದ ಮೂಲಗೇಣಿ (ಕಾಯಂ ಗೇಣಿ) ಚೀಟಿ, ಪಾಲುಪಟ್ಟಿ ಎಲ್ಲ ಕನ್ನಡದಲ್ಲಿವೆ. ಮಾಸಿದ ಶಾಯಿಯ ಆ ಒಂದು ಹಾಳೆ ಕಳೆದುಹೋದರೆ ಬದಲಿ ಸಿಗುವುದು ಬಹಳ ಕಷ್ಟ. ವಕೀಲರಿಗೆ ಕೊಡುವಾಗಲೇ ದಾಖಲೆಗಳ ಪಟ್ಟಿ ಬರೆದು, ‘ಅಸಲು’, ‘ನಕಲು’ ಎಂದು ಪ್ರತ್ಯೇಕ ಗುರುತು ಹಾಕಿ, ಕಚೇರಿಯ ಸೀಲು ಹಾಕಿಸಿಕೊಂಡವರು ಮಾತ್ರ ಮುಂದೆ ಧೈರ್ಯವಾಗಿ ಕೇಳಬಲ್ಲರು.

ಲೆಕ್ಕ ಹಾಕುವುದು ಹೇಗೆ

ವಕೀಲ ವೃತ್ತಿಯನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳ 6ನೇ ಭಾಗದ 2ನೇ ಅಧ್ಯಾಯವನ್ನು ಕಕ್ಷಿದಾರರು ಓದುವುದೇ ಇಲ್ಲ, ನಿಮ್ಮ ಬಲ ಇರುವುದು ಅಲ್ಲೇ. ಕಕ್ಷಿದಾರರಿಂದ ಬಂದ ಹಣಕ್ಕೆ ವಕೀಲರು ಲೆಕ್ಕ ಇಡಬೇಕು. ಫೀಸಿಗೆ ಎಷ್ಟು, ಖರ್ಚಿಗೆ ಎಷ್ಟು ಎಂದು ಪ್ರತ್ಯೇಕ ಬರೆಯಬೇಕು. ಖರ್ಚಿಗೆಂದು ಕೊಟ್ಟದ್ದನ್ನು ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಫೀಸಿಗೆ ತಿರುಗಿಸುವಂತಿಲ್ಲ. ಕೇಳಿದರೆ ಲೆಕ್ಕದ ಪ್ರತಿ ಕೊಡಬೇಕು. ವಹಿಸಿಕೊಂಡ ಕಟ್ಲೆಯನ್ನು ನಡುವೆ ಬಿಟ್ಟರೆ ಮಾಡದ ಕೆಲಸದ ಫೀಸು ಹಿಂತಿರುಗಿಸಬೇಕು. ನಿಮ್ಮ ಪರವಾಗಿ ಹಣ ಬಂದಿದ್ದರೆ ಆದಷ್ಟು ಬೇಗ ತಿಳಿಸಬೇಕು.

ಶೇಕಡಾವಾರು ಫೀಸಿನ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಹೆದ್ದಾರಿಗೆ ಜಾಗ ಹೋದವರು ಮತ್ತು ವಾಹನ ಅಪಘಾತದ ಪರಿಹಾರ ಕೇಳುವವರು ಹೆಚ್ಚಾಗಿ ಸಿಕ್ಕಿಬೀಳುವುದು ಇದರಲ್ಲಿ. ‘ಈಗ ಏನೂ ಬೇಡ, ಬಂದದ್ದರಲ್ಲಿ ಇಷ್ಟು ಶೇಕಡಾ ಕೊಡಿ’ ಎಂಬ ಒಪ್ಪಂದವನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ಬಿ. ಸುನೀತಾ ಪ್ರಕರಣದಲ್ಲಿ ಅಪಘಾತ ಪರಿಹಾರದ ಶೇಕಡಾವಾರು ಫೀಸಿಗೆಂದು ಪಡೆದ ಚೆಕ್ಕು ಬೌನ್ಸ್ ಆಗಿ ವಕೀಲರು ಕ್ರಿಮಿನಲ್ ಕೇಸು ಹಾಕಿದ್ದರು. ಅಂಥ ಫೀಸಿನ ಬೇಡಿಕೆಯೇ ಸಾರ್ವಜನಿಕ ನೀತಿಗೆ ವಿರುದ್ಧ ಎಂದು ಹೇಳಿ ಸುಪ್ರೀಂ ಕೋರ್ಟು 2017ರ ಡಿಸೆಂಬರಿನಲ್ಲಿ ಆ ಕೇಸನ್ನು ರದ್ದುಪಡಿಸಿತು. ಆದ್ದರಿಂದ ಖಾಲಿ ಚೆಕ್ಕಿಗೆ ಸಹಿ ಹಾಕಿಕೊಟ್ಟಿದ್ದರೆ ಹೆದರಿಕೊಂಡು ಹಣ ಕಟ್ಟುವ ಮೊದಲು ಒಪ್ಪಂದ ಯಾವ ಬಗೆಯದು ಎಂದು ನೋಡಿಕೊಳ್ಳಿ.

ಇನ್ನು ಲೆಕ್ಕ. ಅಂಕಿಗಳು ಬರೀ ಉದಾಹರಣೆಗೆ: ಬದಿಯಡ್ಕ ಕಡೆಯ ಒಂದು ಗಡಿ ತಕರಾರು, ಕಾಸರಗೋಡು ಮುನ್ಸಿಫ್ ಕೋರ್ಟಿನಲ್ಲಿ ಇಂಜಂಕ್ಷನ್ (ತಡೆಯಾಜ್ಞೆ) ದಾವೆ. ಮಾತಾದ ಫೀಸು 40,000 ರೂಪಾಯಿ, ಕೊಟ್ಟದ್ದು 30,000. ಖರ್ಚಿಗೆಂದು ಬೇರೆಯೇ 12,000. ದಾವೆ ಹೂಡಿ, ಮಧ್ಯಂತರ ಅರ್ಜಿ ಹಾಕಿ, ಅಡ್ವಕೇಟ್ ಕಮಿಷನರ್ (ಸ್ಥಳ ನೋಡಿ ವರದಿ ಕೊಡಲು ಕೋರ್ಟು ನೇಮಿಸುವ ವಕೀಲರು) ಜಾಗ ನೋಡಿ ಹೋಗಿದ್ದಾರೆ. ಸಾಕ್ಷಿ ವಿಚಾರಣೆಗೆ ಮುಂಚೆಯೇ ಗೈರುಹಾಜರಿಗೆ ದಾವೆ ವಜಾ.

ಮೊದಲು ಖರ್ಚನ್ನು ದಾಖಲೆಯ ಜೊತೆ ತಾಳೆ ನೋಡಿ. ಕೋರ್ಟು ಶುಲ್ಕ ಎಷ್ಟು ಕಟ್ಟಿದ್ದಾರೆ ಎಂಬುದು ದಾವಾಪತ್ರದ ದೃಢೀಕೃತ ನಕಲಿನಲ್ಲಿ ಗೊತ್ತಾಗುತ್ತದೆ. ಹೆಚ್ಚಿನ ಗೊಂದಲ ಇಲ್ಲಿಯೇ: ಕೇರಳದ ಕೋರ್ಟು ಶುಲ್ಕ ಕಾಯ್ದೆಯ 4ಎ ಕಲಮಿನಂತೆ ದಾವೆ ಹೂಡುವಾಗ ಶುಲ್ಕದ ಹತ್ತನೇ ಒಂದು ಭಾಗ ಕಟ್ಟಿದರೆ ಸಾಕು, ಉಳಿದದ್ದು ವಿವಾದಾಂಶಗಳನ್ನು (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು) ರಚಿಸಿದ ಮೇಲೆ 15 ದಿನಗಳೊಳಗೆ. ಪೂರ್ತಿ ಶುಲ್ಕ ನಿಮ್ಮಿಂದ ಮೊದಲ ದಿನವೇ ಪಡೆದಿದ್ದು, ದಾವೆ ವಿವಾದಾಂಶದವರೆಗೆ ಹೋಗದೆ ವಜಾ ಆಗಿದ್ದರೆ, ಉಳಿದ ಒಂಬತ್ತು ಪಾಲು ಎಲ್ಲಿದೆ ಎಂದು ಕೇಳಲೇಬೇಕು. ಕಮಿಷನರ ಬತ್ತೆಯನ್ನು ಕೋರ್ಟೇ ಆದೇಶದಲ್ಲಿ ನಿಗದಿ ಮಾಡುತ್ತದೆ, ಅಂಕಿ ಆದೇಶದಲ್ಲೇ ಇರುತ್ತದೆ. ಸಮನ್ಸಿನ ಬತ್ತೆ ಸಣ್ಣ ಮೊತ್ತ. ಹಳೆಯ ಕನ್ನಡ ದಾಖಲೆಯನ್ನು ಮಲಯಾಳಕ್ಕೋ ಇಂಗ್ಲಿಷಿಗೋ ಅನುವಾದಿಸಿದ ಖರ್ಚು ನ್ಯಾಯವಾದದ್ದೇ, ಆದರೆ ಅನುವಾದದ ಪ್ರತಿ ಫೈಲಿನಲ್ಲಿ ಇರಬೇಕು. ಕೆಲವೊಮ್ಮೆ ಬಿಲ್ಲಿನ ಕೆಳಗೆ ಶೇ. 18 ಜಿಎಸ್‌ಟಿ ಸೇರಿಸಿರುತ್ತಾರೆ. ಅದು ತಪ್ಪು. ವ್ಯಾಪಾರ ಸಂಸ್ಥೆ ಅಲ್ಲದ ಸಾಮಾನ್ಯ ವ್ಯಕ್ತಿಗೆ ವಕೀಲರು ಕೊಡುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ.

ನಮ್ಮ ಉದಾಹರಣೆಯಲ್ಲಿ ಕೋರ್ಟು ಶುಲ್ಕ 900, ಸಮನ್ಸಿನ ಬತ್ತೆ 300, ಕಮಿಷನರ ಬತ್ತೆ 4,000, ಅನುವಾದ 1,500, ಟೈಪು ಮತ್ತು ನಕಲು 700 ಎಂದಿಟ್ಟುಕೊಂಡರೆ ದಾಖಲೆ ಸಿಗುವ ಖರ್ಚು 7,400. ಉಳಿದ 4,600ಕ್ಕೆ ವಿವರ ಬೇಕು, ವಿವರ ಇಲ್ಲದಿದ್ದರೆ ಹಣ ಬೇಕು.

ಫೀಸಿನ ಭಾಗ ಇಷ್ಟು ಸಲೀಸಲ್ಲ. 30,000ವನ್ನೂ ವಾಪಸು ಕೇಳಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ದಾವೆ ಬರೆದದ್ದು, ಅರ್ಜಿ ವಾದಿಸಿದ್ದು, ಕಮಿಷನರ ಜೊತೆ ಗದ್ದೆಯ ಅಂಚಿನಲ್ಲಿ ನಿಂತದ್ದು ಎಲ್ಲವೂ ಕೆಲಸವೇ. ಸಾಕ್ಷಿ ಮತ್ತು ವಾದ ನಡೆಯಲಿಲ್ಲ ಎಂಬುದು ನಿಮ್ಮ ತಕರಾರು. 40,000ರಲ್ಲಿ ಆದ ಕೆಲಸಕ್ಕೆ 15,000 ಎಂದು ಹಿಡಿದು, ಕೊಟ್ಟ 30,000ದಲ್ಲಿ ಉಳಿದ 15,000 ಕೇಳಿದರೆ ಆ ಅಂಕಿಗೆ ಸಮರ್ಥನೆ ಇರುತ್ತದೆ. ಖರ್ಚಿನದ್ದು ಸೇರಿ 19,600. ಬಿಡಿ ಬಿಡಿಯಾಗಿ ತೋರಿಸಿದ 19,600, ಸಿಟ್ಟಿನಲ್ಲಿ ಕೇಳಿದ 42,000ಕ್ಕಿಂತ ಹೆಚ್ಚು ಬೇಗ ಕೈಗೆ ಬರುತ್ತದೆ.

ಗೈರುಹಾಜರಿಗೆ ಪುರಾವೆ ಇ-ಕೋರ್ಟ್ಸ್‌ನಲ್ಲೇ ಇದೆ. ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬ್ರ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿದರೆ ಪ್ರತಿ ವಾಯಿದೆಯ ದಿನ ಏನಾಯಿತು ಎಂದು ಒಂದೆರಡು ಸಾಲು ಬರುತ್ತದೆ. ‘ಬತ್ತೆ ಕಟ್ಟಿಲ್ಲ’, ‘ಪ್ರಾತಿನಿಧ್ಯ ಇಲ್ಲ’, ‘ಅಂತಿಮ ಅವಕಾಶ’ ಎಂಬರ್ಥದ ಸಾಲುಗಳನ್ನು ದಿನಾಂಕ ಸಹಿತ ಒಂದು ಹಾಳೆಗೆ ಇಳಿಸಿಕೊಳ್ಳಿ. ಆದರೆ ನ್ಯಾಯಾಧೀಶರು ರಜೆಯಲ್ಲಿದ್ದದ್ದು, ಎದುರು ಕಕ್ಷಿ ಸಮಯ ಕೇಳಿದ್ದು, ಕಮಿಷನರ ವರದಿ ಬಾರದ್ದು ಇವನ್ನು ನಿಮ್ಮ ವಕೀಲರ ಲೆಕ್ಕಕ್ಕೆ ಸೇರಿಸಬೇಡಿ. ಅಂಥ ಒಂದು ತಪ್ಪು ಸಿಕ್ಕಿದರೆ ಉಳಿದ ಹತ್ತು ಸರಿಗಳೂ ಬಿದ್ದುಹೋಗುತ್ತವೆ.

ಪತ್ರ

ಇದು ಎಲ್ಲಕ್ಕಿಂತ ಅಗ್ಗದ ದಾರಿ, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದೂ ಹೌದು. ಬೈಗುಳ ಬೇಡ, ‘ಕೋರ್ಟಿಗೆಳೆಯುತ್ತೇನೆ’ ಎಂಬ ಬೆದರಿಕೆಯೂ ಬೇಡ.

‘ಮಾನ್ಯರೇ, ಕಾಸರಗೋಡು ಮುನ್ಸಿಫ್ ಕೋರ್ಟಿನ ಅಸಲು ದಾವೆ ನಂಬ್ರ ಇಂಥದ್ದರಲ್ಲಿ ತಮಗೆ ವಕಾಲತ್ತು ಕೊಟ್ಟಿದ್ದೇನೆ. ಫೀಸಿನ ಬಾಬ್ತು ರೂ. 30,000, ಖರ್ಚಿನ ಬಾಬ್ತು ರೂ. 12,000 ಕೊಟ್ಟ ದಿನಾಂಕಗಳ ಪಟ್ಟಿ ಲಗತ್ತಿಸಿದ್ದೇನೆ. ಇಂಥಿಂಥ ಮೂರು ವಾಯಿದೆಗಳಲ್ಲಿ ನನ್ನ ಪರವಾಗಿ ಯಾರೂ ಹಾಜರಿರಲಿಲ್ಲ, ಇಂಥ ದಿನ ದಾವೆ ವಜಾ ಆಗಿದೆ ಎಂದು ಕೋರ್ಟಿನ ದಾಖಲೆಯಿಂದ ತಿಳಿಯಿತು. ಈ ಪತ್ರ ತಲುಪಿದ 7 ದಿನಗಳೊಳಗೆ ಪೂರ್ತಿ ಫೈಲನ್ನೂ ಅಸಲು ದಾಖಲೆಗಳನ್ನೂ, 15 ದಿನಗಳೊಳಗೆ ನನ್ನ ಲೆಕ್ಕದ ಪ್ರತಿಯನ್ನೂ ಕೊಡಬೇಕಾಗಿ ವಿನಂತಿ. ಆಗದ ಕೆಲಸದ ಫೀಸು ರೂ. 15,000, ವಿವರವಿಲ್ಲದ ಖರ್ಚು ರೂ. 4,600 ಹಿಂತಿರುಗಿಸಬೇಕೆಂದು ಕೋರುತ್ತೇನೆ. ಲೆಕ್ಕದಲ್ಲಿ ತಪ್ಪಿದ್ದರೆ ತಿಳಿಸಿದಲ್ಲಿ ತಿದ್ದಿಕೊಳ್ಳುವೆ.’

ಕೊನೆಯ ವಾಕ್ಯವನ್ನು ತೆಗೆಯಬೇಡಿ. ಮುಂದೆ ಈ ಪತ್ರ ಓದುವ ಮೂರನೆಯವರಿಗೆ ನೀವು ನ್ಯಾಯಕ್ಕೆ ಬಂದವರೆಂದು ಗೊತ್ತಾಗುವುದು ಅದರಿಂದ. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ತಲುಪಿದ ಪುರಾವೆ ತೆಗೆದಿಡಿ. ಯುಪಿಐ ಪಾವತಿಗೆ ಫೋನಿನ ಸ್ಕ್ರೀನ್‌ಶಾಟ್ ಒಂದನ್ನೇ ನಂಬಿಕೊಳ್ಳದೆ ಬ್ಯಾಂಕಿನಿಂದ ಸೀಲು ಹಾಕಿದ ಸ್ಟೇಟ್‌ಮೆಂಟ್ ತರಿಸಿ. ವಾಟ್ಸ್ಆ್ಯಪ್ ಮಾತುಕತೆಯನ್ನು ಕೋರ್ಟಿನಲ್ಲಿ ಹಾಜರುಪಡಿಸುವುದಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗೆ ಬೇಕಾಗುತ್ತದೆ, ಹಾಗಾಗಿ ಆ ಫೋನನ್ನು ಮಾರಬೇಡಿ. ನಗದಾಗಿ ಕೊಟ್ಟು ರಶೀದಿ ಪಡೆಯದ ಹಣವನ್ನು ಸಾಬೀತು ಮಾಡುವುದು ಬಹಳ ಕಷ್ಟ. ಅಡಿಕೆ ಮಾರಿದ ದಿನವೇ ನಗದು ತೆಗೆದುಕೊಂಡು ಹೋಗಿ ಕೊಟ್ಟವರ ತಕರಾರುಗಳು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತವೆ.

ಗ್ರಾಹಕ ಆಯೋಗ: ಹೋಗಬೇಡಿ

ಈಗಲೂ ಹೆಚ್ಚಿನವರು ಕೊಡುವ ಮೊದಲ ಸಲಹೆ ಇದೇ. 2007ರಲ್ಲಿ ರಾಷ್ಟ್ರೀಯ ಆಯೋಗ ವಕೀಲರ ಸೇವೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದಿತ್ತು. 2024ರ ಮೇ 14ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿದೆ. ಕಕ್ಷಿದಾರ ಮತ್ತು ವಕೀಲರದ್ದು ವೈಯಕ್ತಿಕ ಸೇವೆಯ ಒಪ್ಪಂದ, ಆದ್ದರಿಂದ ಸೇವಾ ನ್ಯೂನತೆಯ ದೂರು ಆಯೋಗದಲ್ಲಿ ನಿಲ್ಲುವುದಿಲ್ಲ. ಅಲ್ಲಿಗೆ ಓಡಾಡುವ ಸಮಯ ನಷ್ಟವೇ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ: ಹಣಕ್ಕೆ ಮೊದಲ ಆಯ್ಕೆ

ವಿದ್ಯಾನಗರದ ಕೋರ್ಟು ಸಮುಚ್ಚಯದಲ್ಲಿರುವ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟು, ದಾವೆಗೆ ಮುಂಚಿನ ತಕರಾರು ಎಂದು ಲೋಕ ಅದಾಲತ್ತಿನಲ್ಲಿ (ರಾಜಿಯಿಂದ ತಕರಾರು ಮುಗಿಸುವ ವೇದಿಕೆ) ಇಡಿಸಬಹುದು. ಶುಲ್ಕ ಇಲ್ಲ, ವಕೀಲರು ಬೇಕೆಂದಿಲ್ಲ. ರಾಜಿಯಾದರೆ ಆ ಅವಾರ್ಡು ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ದೌರ್ಬಲ್ಯವೆಂದರೆ ಎದುರಿನವರು ಒಪ್ಪದಿದ್ದರೆ ಅವರ ಮೇಲೆ ತೀರ್ಪು ಹೇರುವ ಅಧಿಕಾರ ಆ ಅದಾಲತ್ತಿಗೆ ಇಲ್ಲ. ಆದರೂ ಪ್ರತಿದಿನ ತಾವೇ ಹತ್ತಿ ಇಳಿಯುವ ಮೆಟ್ಟಿಲ ಪಕ್ಕದ ಕಚೇರಿಯಿಂದ ನೋಟೀಸು ಬಂದಾಗ ಇಪ್ಪತ್ತು ಸಾವಿರದ ವಿಷಯವನ್ನು ಬೆಳೆಸಲು ವಕೀಲರಿಗೂ ಮನಸ್ಸು ಬರುವುದಿಲ್ಲ. ಹೊಸ ವಕೀಲರನ್ನು ಇಡಲು ಶಕ್ತಿಯಿಲ್ಲದವರಿಗೆ ಉಚಿತ ವಕೀಲರೂ ಇಲ್ಲಿಂದಲೇ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯದ ಮಿತಿ ಲೆಕ್ಕಕ್ಕಿಲ್ಲ. ಸಹಾಯವಾಣಿ 15100. ಹಾಗೆ ನೇಮಕವಾದ ಪ್ಯಾನೆಲ್ ವಕೀಲರು ನಿಮ್ಮಿಂದ ಹಣ ಪಡೆಯುವಂತಿಲ್ಲ, ಕೇಳಿದರೆ ಪ್ರಾಧಿಕಾರಕ್ಕೇ ಬರೆದು ಕೊಡಿ.

ಬಾರ್ ಕೌನ್ಸಿಲ್: ಶಿಸ್ತಿಗೆ ಸರಿ, ಹಣಕ್ಕೆ ಅಲ್ಲ

1961ರ ಅಡ್ವಕೇಟ್ಸ್ ಕಾಯ್ದೆಯ 35ನೇ ಕಲಮಿನಡಿ ದೂರು ಕೊಟ್ಟರೆ, ಹುರುಳಿದೆ ಎಂದು ಕಂಡಲ್ಲಿ ಮೂವರ ಶಿಸ್ತು ಸಮಿತಿಗೆ ಹೋಗುತ್ತದೆ. ಸಮಿತಿ ದೂರು ವಜಾ ಮಾಡಬಹುದು, ಛೀಮಾರಿ ಹಾಕಬಹುದು, ಅಮಾನತು ಮಾಡಬಹುದು, ಪಟ್ಟಿಯಿಂದಲೇ ತೆಗೆಯಬಹುದು. ಈ ನಾಲ್ಕರಲ್ಲಿ ‘ಫೀಸು ವಾಪಸು’ ಇಲ್ಲ ಎಂಬುದನ್ನು ಗಮನಿಸಿ. ಬರೀ ಅಜಾಗರೂಕತೆಯನ್ನೂ ಅವರು ದುರ್ನಡತೆ ಎನ್ನುವುದಿಲ್ಲ. ಕೋರ್ಟು ಶುಲ್ಕಕ್ಕೆ ಹಣ ಪಡೆದು ದಾವೆಯನ್ನೇ ಹೂಡದಿರುವುದು, ‘ಕೇಸು ನಡೆಯುತ್ತಿದೆ’ ಎಂದು ಸುಳ್ಳು ಹೇಳುವುದು, ಫೈಲು ಕೊಡದಿರುವುದು, ಪರಿಹಾರದ ಹಣ ತಾವೇ ಇಟ್ಟುಕೊಳ್ಳುವುದು ಇಂಥವು ನಿಲ್ಲುತ್ತವೆ. ಪರಿಹಾರದ ಹಣ ನುಂಗಿದ್ದರೆ ಅದು ನಂಬಿಕೆ ದ್ರೋಹದ ಅಪರಾಧವೂ ಹೌದು, ಪೊಲೀಸ್ ದೂರಿಗೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮು ಇದೆ.

ಯಾವ ಕೌನ್ಸಿಲ್ಲಿಗೆ ಎಂಬಲ್ಲಿ ಗಡಿಯವರು ಎಡವುತ್ತಾರೆ. ಕೇಸು ನಡೆದ ಊರು ಮುಖ್ಯವಲ್ಲ, ವಕೀಲರು ಯಾವ ರಾಜ್ಯದ ಪಟ್ಟಿಯಲ್ಲಿ ಇದ್ದಾರೆ ಎಂಬುದು ಮುಖ್ಯ. ವಕಾಲತ್ತಿನ ಹಾಳೆಯಲ್ಲಿ ಹೆಸರಿನ ಪಕ್ಕ ನೋಂದಣಿ ಸಂಖ್ಯೆ ಇರುತ್ತದೆ. ಶುರುವಿನಲ್ಲಿ ‘ಕೆ’ ಅಕ್ಷರ ಒಂದೇ ಇದ್ದರೆ ಕೇರಳ, ದೂರು ಕೊಚ್ಚಿಗೆ. ‘ಕೆಎಆರ್’ ಎಂದಿದ್ದರೆ ಕರ್ನಾಟಕ, ದೂರು ಬೆಂಗಳೂರಿಗೆ. ಮಂಗಳೂರಿನ ವಕೀಲರನ್ನು ಇಟ್ಟುಕೊಳ್ಳುವ ಮಂಜೇಶ್ವರ, ಕುಂಬಳೆ ಕಡೆಯವರು ಇದನ್ನು ನೋಡದೆ ಕೊಚ್ಚಿಗೆ ಬರೆದು ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾರೆ.

ದೂರು ಅರ್ಜಿಯ ರೂಪದಲ್ಲಿ, ಸಹಿ ಮತ್ತು ಸತ್ಯಾಪನೆ ಸಹಿತ ಇರಬೇಕು. ಶುಲ್ಕ ಎಷ್ಟು, ಪ್ರತಿ ಎಷ್ಟು ಎಂದು ಕಳುಹಿಸುವ ವಾರ ಕಚೇರಿಯಲ್ಲೇ ಕೇಳಿಕೊಳ್ಳಿ. ಕೊಚ್ಚಿಗೆ ಹೋಗುವ ದೂರನ್ನು ಕನ್ನಡದಲ್ಲಿ ಬರೆದು ಯೋಚನೆ ಸ್ಪಷ್ಟ ಮಾಡಿಕೊಂಡು, ಇಂಗ್ಲಿಷಿನಲ್ಲಿ ಕೊಡುವುದು ಕ್ಷೇಮ. ಕನ್ನಡ ದಾಖಲೆಗಳಿಗೂ ಅನುವಾದ ಇಡಿ. ಕಾಯ್ದೆಯ ಪ್ರಕಾರ ಒಂದು ವರ್ಷದೊಳಗೆ ಮುಗಿಯಬೇಕು, ಮುಗಿಯದಿದ್ದರೆ ದೂರು ದೆಹಲಿಯ ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ವರ್ಗವಾಗುತ್ತದೆ. ರಾಜ್ಯ ಕೌನ್ಸಿಲ್ಲಿನ ಆದೇಶದ ಮೇಲೆ 60 ದಿನಗಳಲ್ಲಿ ಅಪೀಲು ಹಾಕಬಹುದು. ಕೊಚ್ಚಿಗೆ ಹೋಗಿ ಬರಲು ಒಂದೊಂದು ವಿಚಾರಣೆಗೂ ರಾತ್ರಿಯ ರೈಲು, ಮರುದಿನದ ಕೆಲಸ ಎರಡೂ ಖರ್ಚಾಗುತ್ತವೆ. ‘ದೂರು ಕೊಟ್ಟು ಹೆದರಿಸೋಣ, ಹಣ ಬಂದ ಮೇಲೆ ಹಿಂತೆಗೆಯೋಣ’ ಎಂದುಕೊಂಡವರು ಇನ್ನೊಂದು ನಿಯಮ ತಿಳಿದಿರಬೇಕು: ದೂರುದಾರರು ರಾಜಿಯಾದರು, ಹಿಂತೆಗೆದರು ಎಂಬ ಒಂದೇ ಕಾರಣಕ್ಕೆ ಶಿಸ್ತು ವಿಚಾರಣೆ ಕೈಬಿಡುವಂತಿಲ್ಲ.

ಸಿವಿಲ್ ದಾವೆ

1926ರ ಲೀಗಲ್ ಪ್ರಾಕ್ಟಿಷನರ್ಸ್ ಫೀಸ್ ಕಾಯ್ದೆ ಬಹಳ ಚಿಕ್ಕದು. ವಕೀಲರು ಫೀಸಿಗಾಗಿ ದಾವೆ ಹೂಡಬಹುದು ಎಂದು ಹೇಳುವ ಅದೇ ಕಾಯ್ದೆಯ 5ನೇ ಕಲಮು, ವಕೀಲರೆಂಬ ಕಾರಣಕ್ಕೆ ಅಜಾಗರೂಕತೆಯ ನಷ್ಟದ ಹೊಣೆಯಿಂದ ವಿನಾಯಿತಿ ಇಲ್ಲ ಎಂದೂ ಹೇಳುತ್ತದೆ. ಆಗದ ಕೆಲಸದ ಫೀಸು ಮತ್ತು ಆದ ನಷ್ಟ ಎರಡನ್ನೂ ಒಟ್ಟಿಗೆ ಕೇಳಬಹುದಾದ ಜಾಗ ಇದೊಂದೇ. ನಷ್ಟ ಸಾಬೀತು ಮಾಡಲು ಮಾತ್ರ, ಮೂಲ ಕಟ್ಲೆಯಲ್ಲಿ ನೀವು ಗೆಲ್ಲುತ್ತಿದ್ದಿರಿ ಎಂದು ತೋರಿಸಬೇಕು, ಅಂದರೆ ಒಂದು ದಾವೆಯೊಳಗೆ ಎರಡು ದಾವೆ. ಇಪ್ಪತ್ತು ಸಾವಿರಕ್ಕೆ ಇದು ಬೇಡ. ಅವಧಿ ಮೀರಿ ಜಾಗವೇ ಕೈಬಿಟ್ಟಿದ್ದರೆ, ಲಕ್ಷಗಟ್ಟಲೆ ಪರಿಹಾರ ಹೋಗಿದ್ದರೆ ಬೇಕೇ ಬೇಕು. ಅದೇ ಬಾರಿನ ವಕೀಲರು ತಮ್ಮ ಸಹೋದ್ಯೋಗಿಯ ವಿರುದ್ಧ ನಿಲ್ಲಲು ಹಿಂಜರಿಯುವುದು ಸಹಜ, ಕಾಞಂಗಾಡಿನವರನ್ನೋ ತಲಶ್ಶೇರಿಯವರನ್ನೋ ಕೇಳಿ ನೋಡಿ. ಇಂಥ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಅವಧಿ ಇದೆ. ಬಾರ್ ಕೌನ್ಸಿಲ್ಲಿನಲ್ಲಿ ದೂರು ಬಾಕಿ ಇದೆ ಎಂಬ ಕಾರಣಕ್ಕೆ ಆ ಮೂರು ವರ್ಷ ನಿಂತು ಕಾಯುವುದಿಲ್ಲ.